ಎಲ್.ಎಫ್.ಒ. ಬಳಕೆ ಕುರಿತು ಅಳಿಯನಿಗೆ ಬರೆದ ಪತ್ರ

ಹಾಸನ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಹೊಸ ಕೋರ್ಗ್ ಮಿನಿಲಾಗ್ ಸಿಂಥಸೈಜರ್‌ನಲ್ಲಿ ನೀನು ನುಡಿಸಿ ಕಳುಹಿಸಿದ್ದನ್ನು ನಿನ್ನೆ ರಾತ್ರಿ ಮೂರು ಬಾರಿ ಕೇಳಿದೆ. ಬೆರಳು ಚೆನ್ನಾಗಿ ಓಡುತ್ತಿದೆ. ಆದರೆ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಎಲ್ಲವೂ ಒಂದೇ ಸಮನೆ ನಡುಗುತ್ತಿದೆ. ಎಲ್.ಎಫ್.ಒ. (ಲೋ ಫ್ರೀಕ್ವೆನ್ಸಿ ಆಸಿಲೇಟರ್) ಟಾರ್ಗೆಟ್ ಸ್ವಿಚ್ಚನ್ನು ಪಿಚ್‌ಗೆ, ಅಂದರೆ ಸ್ವರದ ಎತ್ತರಕ್ಕೆ, ಇಟ್ಟು, ಕಂಪನದ ಪ್ರಮಾಣ ತಿದ್ದುವ ಇಂಟೆನ್ಸಿಟಿ ನಾಬನ್ನು ಸಾಕಷ್ಟು ಏರಿಸಿ, ಹಾಗೆಯೇ ಬಿಟ್ಟಿದ್ದೀಯೆ ಎಂದು ತೋರುತ್ತದೆ.

ಈ ಎಲ್.ಎಫ್.ಒ. ಎನ್ನುವುದು ತಾನಾಗಿ ಕಿವಿಗೆ ಬೀಳದಷ್ಟು ನಿಧಾನವಾಗಿ, ಸಾಮಾನ್ಯವಾಗಿ ಸೆಕೆಂಡಿಗೆ 20 ಸಲಕ್ಕಿಂತ ಕಡಿಮೆ, ಏರಿಳಿಯುವ ಒಂದು ಅಲೆ. ಅದು ಪಿಚ್‌ಗೆ ಹೋದರೆ ಸ್ವರ ಅಲುಗುತ್ತದೆ, ನಾದವನ್ನು ಸೋಸುವ ಫಿಲ್ಟರಿನ ಕಟಾಫ್‌ಗೆ ಹೋದರೆ ನಾದ ತೆರೆದು ಮುಚ್ಚುತ್ತದೆ. ಎಷ್ಟು ಅಲುಗಬೇಕು, ಯಾವಾಗ ಅಲುಗಬೇಕು ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. 1970ರ ಮಿನಿಮೂಗ್ ಸಿಂಥಸೈಜರ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಆಸಿಲೇಟರ್, ಅಂದರೆ ಅಲೆ ಹುಟ್ಟಿಸುವ ಭಾಗ, ಇರಲಿಲ್ಲ. ಮೂರನೆಯ ಆಸಿಲೇಟರನ್ನೇ ನಿಧಾನಗೊಳಿಸಿಕೊಂಡು, ಕಂಪನದ ಪ್ರಮಾಣವನ್ನು ಎಡಗೈಯ ಚಕ್ರದಿಂದ ಏರಿಸಿ ಇಳಿಸುತ್ತಿದ್ದರು. ಚಕ್ರ ಕೆಳಗಿರುವಷ್ಟು ಹೊತ್ತು ಸ್ವರ ನೇರವಾಗಿಯೇ ನಿಲ್ಲುತ್ತಿತ್ತು. ನೀನೂ ನಿನ್ನ ಎಡಗೈಯನ್ನು ಹಾಗೆಯೇ ದುಡಿಸಬೇಕು ಎಂಬುದೇ ನನ್ನ ಮಾತು.

ಅಲೆಯ ಆಕಾರವನ್ನು ಮೆಲ್ಲನೆ ಏರಿ ಇಳಿಯುವ ಟ್ರಯಾಂಗಲ್‌ಗೆ ಇಟ್ಟುಕೊ. ಸ್ಕ್ವೇರ್ ಇಟ್ಟರೆ ಸ್ವರ ಎರಡು ಮೆಟ್ಟಿಲುಗಳ ನಡುವೆ ನೆಗೆಯುತ್ತದೆ. ಅಲೆಯ ವೇಗವಾದ ರೇಟನ್ನು ಸೆಕೆಂಡಿಗೆ ಐದಾರು ಸಲದ ಹತ್ತಿರ ತಂದು, ಇಂಟೆನ್ಸಿಟಿಯನ್ನು ಪೂರ್ತಿ ಸೊನ್ನೆಗೆ ಇಳಿಸು. ಈಗ ಒಂದು ಸ್ವರವನ್ನು ಒತ್ತಿ ಹಿಡಿದು, ಅದು ನೆಲೆ ನಿಂತ ಮೇಲೆ, ನಾಬಿನ ಮೇಲಿನ ಬಿಳಿ ಗೆರೆ ಸರಿದದ್ದು ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟೇ ತಿರುಗಿಸು. ಕಿವಿಗೆ ಅದು ಸಾಕಾಗುತ್ತದೆ. ಸ್ವರ ಬಿಡುವ ಮುನ್ನ ಮತ್ತೆ ಇಳಿಸು.

ಆದರೆ ಇದೇ ಗಮಕವೆಂದು ತಿಳಿಯಬೇಡ. ನಮ್ಮ ಜಿಲ್ಲೆಯ ರುದ್ರಪಟ್ಟಣ ಸಂಗೀತಗಾರರ ಊರು, ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ್ದು ಅಲ್ಲಿಯೇ. ಆ ಪರಂಪರೆಯಲ್ಲಿ ಷಡ್ಜ, ಪಂಚಮಗಳು ಅಚಲ ಸ್ವರಗಳು. ಉಳಿದ ಸ್ವರಗಳ ಕಂಪನವೂ ರಾಗದಿಂದ ರಾಗಕ್ಕೆ ಬೇರೆ. ಎಲ್.ಎಫ್.ಒ. ಎಲ್ಲ ಸ್ವರವನ್ನೂ ಒಂದೇ ತೂಕದಲ್ಲಿ ತೂಗುತ್ತದೆ. ನಿನ್ನ ಧ್ವನಿಮುದ್ರಣದಲ್ಲಿ ಷಡ್ಜವೇ ನಡುಗಿದ್ದು ನನಗೆ ನಿಜಕ್ಕೂ ನೋವು ತಂದಿತು.

ನನ್ನಿಂದಲೂ ಈ ತಪ್ಪು ಆಗಿದೆ. ಬಹಳ ವರ್ಷಗಳ ಹಿಂದೆ ಗಣಪತಿ ಉತ್ಸವದ ಆರ್ಕೆಸ್ಟ್ರಾದಲ್ಲಿ, ಹಿಂದಿನ ಹಾಡಿಗೆ ಸೈರನ್ ಸದ್ದಿಗಾಗಿ ಪಿಚ್ ಮೇಲೆ ಏರಿಸಿಟ್ಟ ಕಂಪನವನ್ನು ಇಳಿಸದೆಯೇ ಭಕ್ತಿಗೀತೆಗೆ ಶ್ರುತಿ ಕೊಟ್ಟೆ. ಗಾಯಕಿ ಎತ್ತಿಕೊಂಡ ಸಾಲನ್ನು ಅರ್ಧಕ್ಕೆ ನಿಲ್ಲಿಸಿ ನನ್ನತ್ತ ತಿರುಗಿದರು. ಅಂದಿನಿಂದ ಪ್ರತಿ ಹಾಡಿನ ಮುಂಚೆ ನನ್ನ ಎಡಗೈ ಮೊದಲು ಆ ನಾಬನ್ನು ಸೊನ್ನೆಗೆ ತರುತ್ತದೆ.

ಕಟಾಫ್ ವಿಷಯದಲ್ಲಿ ಇಷ್ಟು ಬಿಗಿ ಬೇಡ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ನಾಲ್ಕು ಬೀಟಿಗೆ 2 ಸೆಕೆಂಡು; ಅಲೆಯೂ 2 ಸೆಕೆಂಡಿಗೆ ಒಂದು ಸುತ್ತು ಬಂದರೆ ನಾದ ತಾಳದೊಂದಿಗೆ ಉಸಿರಾಡುತ್ತದೆ. ಕೈಯಿಂದ ಹೊಂದಿಸಿದ್ದು ಕೆಲವೇ ಸುತ್ತುಗಳಲ್ಲಿ ತಾಳದಿಂದ ಜಾರುವುದರಿಂದ, ಅಲ್ಲಿ ಅಲೆಯನ್ನು ಹಾಡಿನ ವೇಗಕ್ಕೆ ಕಟ್ಟಿಹಾಕುವ ಬಿ.ಪಿ.ಎಂ. ಸಿಂಕ್ ಹಾಕಿಕೊ.

ಮುಂದಿನ ವಾರ ಅದೇ ತುಣುಕನ್ನು ಇಂಟೆನ್ಸಿಟಿ ಸೊನ್ನೆಯಲ್ಲಿ ಒಮ್ಮೆ, ಎಡಗೈ ನಾಬಿನ ಮೇಲಿಟ್ಟು ಇನ್ನೊಮ್ಮೆ ನುಡಿಸಿ ಎರಡನ್ನೂ ಕಳುಹಿಸು. ನಿನ್ನ ಅತ್ತೆಯೂ ಕೇಳಲು ಕಾದಿದ್ದಾಳೆ.

ಇಂತಿ,
ನಿನ್ನ ಸೋದರಮಾವ