ಆದಿತ್ಯವಾರ ಕೇಳಲಿರುವ ತಂಡ: ದಿ ಹ್ಯಾಂಡ್ಸಮ್ ಫ್ಯಾಮಿಲಿ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ. ಬರುವ ಆದಿತ್ಯವಾರ ಸಂಜೆ 5 ಗಂಟೆಗೆ ನಾವು ಬದಿಯಡ್ಕದಲ್ಲಿ ಸೇರಿ, ಅಮೆರಿಕದ ಗಾಥಿಕ್ ಜನಪದ (ಸಾವು, ಪ್ರೇತಗಳ ಕರಾಳ ಕಥೆಗಳನ್ನು ಜನಪದ ಧಾಟಿಯಲ್ಲಿ ಹಾಡುವ) ತಂಡವಾದ ‘ದಿ ಹ್ಯಾಂಡ್ಸಮ್ ಫ್ಯಾಮಿಲಿ’ಯ ಹಾಡುಗಳನ್ನು ಕೇಳಲಿದ್ದೇವೆ.

1993ರಲ್ಲಿ ಶಿಕಾಗೋದಲ್ಲಿ ಆರಂಭವಾದ ಈ ತಂಡದ ಜೀವಾಳ ಬ್ರೆಟ್ ಮತ್ತು ರೆನ್ನಿ ಸ್ಪಾರ್ಕ್ಸ್ ದಂಪತಿ. ಸಾಹಿತ್ಯ ರೆನ್ನಿಯವರದು, ಅದಕ್ಕೆ ಸಂಗೀತ ಸಂಯೋಜಿಸಿ, ತಗ್ಗು ಸ್ಥಾಯಿಯ ಗಂಭೀರ ಕಂಠದಲ್ಲಿ ಹಾಡುವವರು ಮುಖ್ಯವಾಗಿ ಬ್ರೆಟ್. ದೊಡ್ಡ ಕಂಪನಿಗಳ ಹಂಗಿಗೆ ಬೀಳದೆ, ಹಲವು ಹಾಡುಗಳನ್ನು ಮನೆಯಲ್ಲಿಯೇ ಧ್ವನಿಮುದ್ರಿಸಿಕೊಂಡು ಅವರು ಮುಂದುವರಿದರು. ಮುಂದೆ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ನೆಲೆಸಿದರು.

ಪೂರ್ವ ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ, ಕೊಲೆಯ ಕಥೆ ಹೇಳುವ ಹಳೆಯ ಕೊಲೆಗೀತೆಗಳಲ್ಲಿ ಸಾವನ್ನೂ ವಂಚನೆಯನ್ನೂ ಉದ್ವೇಗವಿಲ್ಲದೆ, ನಡೆದದ್ದನ್ನು ನಡೆದಂತೆ ಹೇಳಿಬಿಡುವ ಕ್ರಮವೊಂದಿದೆ. ಈ ದಂಪತಿ ಅದನ್ನೇ ಹಿಡಿದು, ಅಂಗಡಿಬೀದಿ, ವಿಮಾನ ನಿಲ್ದಾಣಗಳಂತಹ ಇಂದಿನ ಸಾಮಾನ್ಯ ಜಾಗಗಳಿಗೂ ಪ್ರೇತದ ನೆರಳನ್ನು ತಂದಿದ್ದಾರೆ. ತುಳುನಾಡಿನ ಕಥನಗೀತೆಗಳಾದ ಪಾಡ್ದನಗಳನ್ನು ಕೇಳಿ ಬೆಳೆದ ನಮಗೆ ಈ ನಿರೂಪಣೆ ಪರಕೀಯವೆನಿಸದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಿಟಾರ್, ಬ್ಯಾಂಜೋಗಳ ನಾದ ಮಿತವಾಗಿರುವುದರಿಂದ ಪ್ರತಿಯೊಂದು ಪದವೂ ಸ್ಪಷ್ಟವಾಗಿ ಕೇಳಿಸುತ್ತದೆ.

2003ರ ‘ಸಿಂಗಿಂಗ್ ಬೋನ್ಸ್’ ಆಲ್ಬಂನ ‘ಫಾರ್ ಫ್ರಮ್ ಎನಿ ರೋಡ್’ ಎಂಬ ಹಾಡು 2014ರಲ್ಲಿ ಅಮೆರಿಕದ ಟಿವಿ ಧಾರಾವಾಹಿ ‘ಟ್ರೂ ಡಿಟೆಕ್ಟಿವ್’ನ ಮೊದಲ ಸರಣಿಯ ಶೀರ್ಷಿಕೆ ಗೀತೆಯಾಯಿತು. ಎರಡು ದಶಕಗಳ ದುಡಿಮೆಯ ಬಳಿಕ ತಂಡದ ಹೆಸರು ಜಗತ್ತಿನಾದ್ಯಂತ ಹಬ್ಬಿದ್ದು ಹಾಗೆ. ಆದರೂ ಆ ಒಂದು ಹಾಡಿಗೇ ನಿಲ್ಲದೆ, 1998ರ ‘ಥ್ರೂ ದಿ ಟ್ರೀಸ್’ ಆಲ್ಬಂ ಅನ್ನು ಪೂರ್ತಿಯಾಗಿ ಕೇಳಿ ಬರಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ. ಬರುವವರು ಶುಕ್ರವಾರದೊಳಗೆ ಇಲ್ಲಿ ತಿಳಿಸಬೇಕು.