ಹಡಗಿಗೆ ಮೊದಲು ಬಾರ್ಸಿಲೋನಾ, ಹಡಗಿನ ನಂತರ ರೋಮ್: ಗೆಳೆಯನಿಗೊಂದು ಪತ್ರ

ವಿಜಯಪುರ

ಪ್ರಿಯ ಗೆಳೆಯ,

ನೀನು ಮತ್ತು ವೈನಿಯವರು ಮೆಡಿಟರೇನಿಯನ್ ಕ್ರೂಸ್‌ಗೆ ಹೋಗಲು ನಿರ್ಧರಿಸಿದ್ದು ಕೇಳಿ ಬಹಳ ಸಂತೋಷವಾಯಿತು. ಕಳಿಸಿದ್ದ ಎರಡೂ ಯೋಜನೆಗಳನ್ನು ನಿಧಾನವಾಗಿ ಓದಿದೆ. ಒಂದರಲ್ಲಿ ಹಡಗು ರೋಮ್‌ನಿಂದ ಹೊರಟು ರೋಮ್‌ಗೇ ಮರಳುತ್ತದೆ. ಇನ್ನೊಂದರಲ್ಲಿ ಬಾರ್ಸಿಲೋನಾದಲ್ಲಿ ಹತ್ತಿ ರೋಮ್‌ನಲ್ಲಿ ಇಳಿಯಬೇಕು. ಎರಡರಲ್ಲೂ ಹಡಗು ಹೊರಡುವ ದಿನದ ಬೆಳಿಗ್ಗೆ ವಿಮಾನದಿಂದ ಇಳಿಯುವುದು, ಹಡಗಿನಿಂದ ಇಳಿದ ದಿನವೇ ಮಧ್ಯಾಹ್ನ ವಿಮಾನ ಹತ್ತುವುದು ಎಂದು ಬರೆದಿದ್ದಾರೆ. ಇದನ್ನು ನೀನು ಒಪ್ಪಬಾರದು. ಹಡಗಿಗೆ ಮೊದಲು ಮೂರು ರಾತ್ರಿ, ನಂತರ ಐದು ರಾತ್ರಿ ನಗರಗಳಿಗೆಂದು ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಡಗು ಒಂದು ಬಂದರಿನಲ್ಲಿ ನಿಲ್ಲುವುದು ಸಾಮಾನ್ಯವಾಗಿ ಎಂಟರಿಂದ ಹತ್ತು ತಾಸು. ಅದರಲ್ಲಿ ಇಳಿಯುವ, ಊರು ಮುಟ್ಟುವ, ಹೊತ್ತಿಗೆ ಸರಿಯಾಗಿ ಮರಳುವ ಸಮಯ ಕಳೆದರೆ ಕೈಯಲ್ಲಿ ಉಳಿಯುವುದು ನಾಲ್ಕೈದು ತಾಸು. ಅಷ್ಟು ದೂರ ಹೋಗಿ ರೋಮ್‌ನಂಥ ನಗರವನ್ನು ನಾಲ್ಕು ತಾಸಿನಲ್ಲಿ ಮುಗಿಸಿ ಬಂದೆ ಎಂದು ನೀನು ಹೇಳುವುದನ್ನು ಕೇಳಲು ನನಗೆ ಇಷ್ಟವಿಲ್ಲ. ಇದೇ ಪ್ರಶ್ನೆಯನ್ನು ಇನ್ನೂ ಕೆಲವು ಸ್ನೇಹಿತರು ಕೇಳಿರುವುದರಿಂದ ಪತ್ರವನ್ನು ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ. ನಿನ್ನ ಅಭ್ಯಂತರ ಇರಲಾರದು ಎಂದು ನಂಬಿದ್ದೇನೆ.

ಮೊದಲು ಹಡಗಿನ ಆಯ್ಕೆ. ಕ್ರೂಸ್ ಕಂಪನಿಗಳ ಪಟ್ಟಿಯಲ್ಲಿ ರೋಮ್ ಎಂದು ದೊಡ್ಡದಾಗಿ ಬರೆದು ಪಕ್ಕದ ಕಂಸದಲ್ಲಿ ಚಿವಿತಾವೆಕ್ಕಿಯಾ ಎಂದು ಹಾಕಿರುತ್ತಾರೆ. ಹಡಗು ನಿಲ್ಲುವುದು ಆ ಕಂಸದೊಳಗಿನ ಊರಿನಲ್ಲಿ, ಮತ್ತು ಅದು ರೋಮ್‌ನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಹಾಗೆಯೇ ಫ್ಲಾರೆನ್ಸ್ ಎಂದರೆ ಲಿವೋರ್ನೋ; ಅಲ್ಲಿಂದ ಫ್ಲಾರೆನ್ಸ್ ಸುಮಾರು 90 ಕಿಲೋಮೀಟರ್. ವೆನಿಸ್ ಎಂದು ಬರೆದಿದ್ದರೆ ಈಗ ಎಷ್ಟೋ ಸಲ ಅದು ರಾವೆನ್ನಾ ಅಥವಾ ತ್ರಿಯೆಸ್ತೆ ಆಗಿರುತ್ತದೆ, ಏಕೆಂದರೆ 25,000 ಟನ್‌ಗಿಂತ ದೊಡ್ಡ ಹಡಗುಗಳು ಸೇಂಟ್ ಮಾರ್ಕ್ ಚೌಕದ ಮುಂದೆ ಹಾದುಹೋಗುವುದನ್ನು ಇಟಲಿ ಸರ್ಕಾರ 2021ರ ಆಗಸ್ಟ್‌ನಿಂದ ನಿಷೇಧಿಸಿದೆ. ಬಾರ್ಸಿಲೋನಾದಲ್ಲಿ ಈ ತೊಡಕಿಲ್ಲ. ಬಂದರು ನಗರಕ್ಕೆ ಅಂಟಿಕೊಂಡೇ ಇದೆ, ಹೋಟೆಲ್‌ನಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಹಡಗಿನ ಬಾಗಿಲಿಗೆ ತಲುಪಬಹುದು. ಹಡಗು ಹತ್ತುವ ದಿನ ಗಡಿಯಾರ ನೋಡುತ್ತ ಓಡಬೇಕಾಗುತ್ತದೆ, ಇಳಿದ ದಿನ ಹಾಗಿಲ್ಲ. ಆದ್ದರಿಂದ ಬಂದರು ಹತ್ತಿರವಿರುವ ನಗರದಲ್ಲಿ ಹತ್ತಿ, ದೂರವಿರುವಲ್ಲಿ ಇಳಿಯುವುದೇ ಸರಿ. ನೀನು ಎರಡನೆಯ ಹಡಗನ್ನೇ ಆರಿಸಿಕೋ. ವಿಮಾನದ ಟಿಕೆಟ್ ತೆಗೆಸುವಾಗ ಹೋಗುವುದು ಬಾರ್ಸಿಲೋನಾಗೆ, ಬರುವುದು ರೋಮ್‌ನಿಂದ ಎಂದು ಒಂದೇ ಟಿಕೆಟ್ಟಿನಲ್ಲಿ ಮಲ್ಟಿ ಸಿಟಿ ಮಾಡಿಸು. ಎರಡು ಬೇರೆ ಟಿಕೆಟ್ ಕೊಂಡರೆ ಸಾಮಾನ್ಯವಾಗಿ ಖರ್ಚು ಹೆಚ್ಚಾಗುತ್ತದೆ.

ಹೊರಡುವ ದಿನವೇ ವಿಮಾನದಿಂದ ಇಳಿಯಬಾರದು ಎಂದು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಲ್ಲಿಂದ ರಾತ್ರಿಯ ರೈಲು, ಬೆಂಗಳೂರು, ಕೊಲ್ಲಿ ದೇಶದಲ್ಲಿ ವಿಮಾನ ಬದಲಾವಣೆ, ಆಮೇಲೆ ಬಾರ್ಸಿಲೋನಾ ಎಂಬ ಈ ಸರಪಳಿಯಲ್ಲಿ ಒಂದು ಕೊಂಡಿ ತಡವಾದರೂ ಹಡಗು ಕಾಯುವುದಿಲ್ಲ; ಅದು ಹೊರಡುವ ಒಂದು ತಾಸು ಅಥವಾ ಅದಕ್ಕೂ ಮೊದಲೇ ಪ್ರಯಾಣಿಕರ ಪ್ರವೇಶ ಮುಚ್ಚಿಬಿಡುತ್ತದೆ. ವಿಮಾನ ಬದಲಿಸುವಾಗ ಪೆಟ್ಟಿಗೆ ಹಿಂದೆ ಉಳಿಯುವುದೂ ಉಂಟು. ಎರಡು ಮೂರು ದಿನದ ಅಂತರವಿದ್ದರೆ ಅದು ಹೋಟೆಲ್‌ಗೇ ಬಂದು ಸೇರುತ್ತದೆ; ಇಲ್ಲವಾದರೆ ಉಟ್ಟ ಬಟ್ಟೆಯಲ್ಲೇ ಸಮುದ್ರಕ್ಕಿಳಿದು, ಪೆಟ್ಟಿಗೆ ಯಾವ ಬಂದರಿಗೆ ಬರಬಹುದೆಂದು ಫೋನ್ ಮಾಡುತ್ತ ಕೂರಬೇಕು. ಮೇಲಾಗಿ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ಗಡಿಯಲ್ಲಿ 2025ರ ಅಕ್ಟೋಬರ್‌ನಿಂದ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಆರಂಭವಾಗಿದ್ದು, ಮೊದಲ ಪ್ರವೇಶಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ.

ತಿಂಗಳ ವಿಷಯದಲ್ಲಿ ಸೆಪ್ಟೆಂಬರ್ ಎಂಬ ನಿನ್ನ ಆಲೋಚನೆ ಸರಿಯಾಗಿಯೇ ಇದೆ. ಜುಲೈ, ಆಗಸ್ಟ್‌ನ ಬಿಸಿಲೂ ಜನಜಂಗುಳಿಯೂ ಇಳಿದಿರುತ್ತವೆ, ನಿನ್ನ ದ್ರಾಕ್ಷಿ ತೋಟದ ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ ಮೊದಲು ತಿಕೋಟಾಕ್ಕೆ ಮರಳಿದಂತೆಯೂ ಆಗುತ್ತದೆ. ಸೆಪ್ಟೆಂಬರ್ 24ರ ಆಸುಪಾಸಿನಲ್ಲಿ ನೀವು ಬಾರ್ಸಿಲೋನಾದಲ್ಲಿದ್ದರೆ ಲಾ ಮೆರ್ಸೆ ಎಂಬ ಆ ನಗರದ ದೊಡ್ಡ ಹಬ್ಬವೂ ಸಿಗುತ್ತದೆ. ಒಬ್ಬರ ಹೆಗಲ ಮೇಲೊಬ್ಬರು ನಿಂತು ಮನುಷ್ಯರೇ ಗೋಪುರ ಕಟ್ಟುವುದನ್ನು ಬೀದಿಯಲ್ಲಿ ನಿಂತು ನೋಡಬಹುದು. ಆದರೆ ಹೋಟೆಲ್ ಬಹಳ ಮುಂಚೆ ಹಿಡಿಯಬೇಕು.

ಸೆಪ್ಟೆಂಬರ್‌ನಲ್ಲಿ ಸ್ಪೇನ್ ನಮಗಿಂತ ಮೂರೂವರೆ ತಾಸು ಹಿಂದಿರುತ್ತದೆ. ನಿನ್ನಂತೆ ನಸುಕಿನಲ್ಲೇ ಏಳುವವರಿಗೆ ಮೊದಲೆರಡು ದಿನ ನಡುರಾತ್ರಿ ದಾಟಿದ ಕೂಡಲೇ ಎಚ್ಚರವಾಗುತ್ತದೆ, ಸಂಜೆ ಏಳಕ್ಕೆ ಕಣ್ಣು ಎಳೆಯುತ್ತದೆ. ಅಲ್ಲಿಯ ಊಟದ ಮನೆಗಳೋ ರಾತ್ರಿ ಎಂಟು, ಎಂಟೂವರೆಯ ಮೊದಲು ಅಡುಗೆ ಆರಂಭಿಸುವುದೇ ಕಡಿಮೆ. ಹೀಗಾಗಿ ಬಾರ್ಸಿಲೋನಾದ ಮೂರು ದಿನವನ್ನು ಹಗುರಾಗಿ ಇಟ್ಟುಕೋ: ಬೆಳಿಗ್ಗೆ ಒಂದು ಮುಖ್ಯ ಸ್ಥಳ, ಮಧ್ಯಾಹ್ನ ಹೊಟ್ಟೆ ತುಂಬ ಊಟ, ಸಂಜೆ ಸುಮ್ಮನೆ ಅಡ್ಡಾಟ. ವಾಸಕ್ಕೆ ಐಶಾಂಪ್ಲಾ ಭಾಗ ಒಳ್ಳೆಯದು. 1859ರಲ್ಲಿ ಸೆರ್ದಾ ಎಂಬ ಇಂಜಿನಿಯರ್ ರೂಪಿಸಿದ ಯೋಜನೆಯಂತೆ ಬೆಳೆದ ಬಡಾವಣೆ ಅದು. ನೇರ ರಸ್ತೆಗಳು, ಅಗಲವಾದ ಪಾದಚಾರಿ ಹಾದಿಗಳು, ಹೆಚ್ಚು ಏರುತಗ್ಗಿಲ್ಲ. ವೈನಿಯವರ ಮೊಣಕಾಲು ನೋವಿಗೆ ಇದು ದೊಡ್ಡ ಅನುಕೂಲ. ಅದೇ ಕಾರಣಕ್ಕೆ ಗುಡ್ಡದ ಮೇಲಿರುವ ಪಾರ್ಕ್ ಗ್ವೆಲ್ ಬಿಟ್ಟರೂ ನಡೆದೀತು.

ಬಿಡಬಾರದ್ದು ಸಾಗ್ರಾದಾ ಫಮಿಲಿಯಾ ಚರ್ಚ್. ಅದರ ಕೆಲಸ 1882ರಲ್ಲಿ ಆರಂಭವಾಯಿತು; ಮರುವರ್ಷ ಹೊಣೆ ಹೊತ್ತ ವಾಸ್ತುಶಿಲ್ಪಿ ಆಂಟೋನಿ ಗೌದಿ 1926ರಲ್ಲಿ ಟ್ರಾಮ್ ಬಡಿದು ತೀರಿಕೊಳ್ಳುವವರೆಗೂ ಅದರಲ್ಲೇ ಮುಳುಗಿದ್ದ, ಅವನ ಸಮಾಧಿಯೂ ಅದರ ನೆಲಮಾಳಿಗೆಯಲ್ಲಿದೆ. 2025ರಲ್ಲಿ ಜರ್ಮನಿಯ ಉಲ್ಮ್ ಚರ್ಚನ್ನು ಮೀರಿಸಿ ಅದು ಜಗತ್ತಿನ ಅತ್ಯಂತ ಎತ್ತರದ ಚರ್ಚ್ ಆಯಿತು. ಒಳಗಿನ ಕಂಬಗಳು ಮೇಲೆ ಹೋದಂತೆ ಮರದ ಹಾಗೆ ಕವಲೊಡೆಯುತ್ತವೆ. ಪ್ರವೇಶಕ್ಕೆ ಸಮಯ ನಿಗದಿಯಾದ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ಕೊಳ್ಳಬೇಕು, ಮತ್ತು ಆ ಸಮಯವನ್ನು ಬೆಳಕು ನೋಡಿ ಆರಿಸಬೇಕು. ಬೆಳಿಗ್ಗೆ ಪೂರ್ವದ ಗಾಜುಗಳಿಂದ ನೀಲಿ, ಹಸಿರು ಬೆಳಕು ಒಳಗೆ ಬೀಳುತ್ತದೆ. ಇಳಿಹೊತ್ತಿನಲ್ಲಿ ಪಶ್ಚಿಮದ ಕಡೆಯಿಂದ ಕೆಂಪು, ಕಿತ್ತಳೆ. ನಿಮ್ಮ ನಿದ್ದೆಯ ಲೆಕ್ಕಕ್ಕೆ ಬೆಳಗಿನ ಹೊತ್ತೇ ಹೊಂದುತ್ತದೆ. ಮತ್ತೊಂದು ಬೆಳಿಗ್ಗೆ ಹಳೆಯ ನಗರದಲ್ಲಿ 14ನೇ ಶತಮಾನದ ಸಾಂತಾ ಮರಿಯಾ ದೆಲ್ ಮಾರ್ ಚರ್ಚನ್ನು ನೋಡಿ. ಹೆಚ್ಚು ಅಲಂಕಾರವಿಲ್ಲದ ಅದರ ನಿಶ್ಚಲ ಎತ್ತರ ನನಗೆ ಗೌದಿಯ ಕಟ್ಟಡದಷ್ಟೇ ಇಷ್ಟ. ರಾಂಬ್ಲಾ ರಸ್ತೆಯಲ್ಲೂ ಮೆಟ್ರೋದಲ್ಲೂ ಕಿಸೆಗಳ್ಳರ ಕಾಟವಿದೆ, ಪಾಸ್‌ಪೋರ್ಟ್ ಒಳಕಿಸೆಯಲ್ಲಿರಲಿ.

ಬಂದರುಗಳ ದಿನಗಳನ್ನು ಈ ನಗರದ ದಿನಗಳಿಗೆ ಜೋಡಿಸಿಯೇ ಯೋಚಿಸಬೇಕು. ಲಿವೋರ್ನೋದಲ್ಲಿ ಹಡಗು ನಿಂತಾಗ ಎಲ್ಲರೂ ಬಸ್ಸಿನಲ್ಲಿ ಫ್ಲಾರೆನ್ಸ್‌ಗೆ ಓಡುತ್ತಾರೆ. ಹೋಗಿ ಬರಲು ಮೂರು ತಾಸು ರಸ್ತೆಯ ಮೇಲೆಯೇ ಕಳೆಯುತ್ತದೆ. ನೀವು ಹತ್ತಿರದ ಪಿಸಾ ನೋಡಿ ಆರಾಮವಾಗಿ ಮರಳಿ. ಫ್ಲಾರೆನ್ಸ್ ನಂತರದ ದಿನಗಳಿಗಿರಲಿ. ನೇಪಲ್ಸ್‌ನಲ್ಲಿ ಬಂದರಿನಿಂದ ಹೊರಬಿದ್ದರೆ ಊರೇ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೈಗೆ ಸ್ಥಳೀಯ ರೈಲು ಇದೆ. ಆದರೆ ಅಲ್ಲಿ ನಡೆಯಬೇಕಾದದ್ದು ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ. ವೈನಿಯವರಿಗೆ ಅದು ಕಷ್ಟವೆನಿಸಿದರೆ ನೇಪಲ್ಸ್‌ನ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಪೊಂಪೈಯಿಂದ ತಂದ ಮೊಸಾಯಿಕ್ ಚಿತ್ರಗಳೂ ಭಿತ್ತಿಚಿತ್ರಗಳೂ ಅಲ್ಲಿಯೇ ಇವೆ. ಮಂಗಳವಾರ ಅದಕ್ಕೆ ರಜೆ.

ಇನ್ನು ರೋಮ್. ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ. ಔಷಧ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಇರಲಿ. ಚಿವಿತಾವೆಕ್ಕಿಯಾ ನಿಲ್ದಾಣದಿಂದ ಸ್ಥಳೀಯ ರೈಲು ಸುಮಾರು ಒಂದೂಕಾಲು ತಾಸಿನಲ್ಲಿ ರೋಮ್‌ನ ಟರ್ಮಿನಿ ನಿಲ್ದಾಣ ಮುಟ್ಟುತ್ತದೆ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಅಲ್ಲಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ದಂಡ. ಅದೇ ರೈಲು ಟರ್ಮಿನಿಗೆ ಮೊದಲು ಸಾನ್ ಪಿಯೆತ್ರೋದಲ್ಲಿ ನಿಲ್ಲುತ್ತದೆ. ವ್ಯಾಟಿಕನ್ ಪಕ್ಕದ ಪ್ರಾತಿ ಭಾಗದಲ್ಲಿ ಕೋಣೆ ಹಿಡಿದರೆ ಅಲ್ಲೇ ಇಳಿದು ಸ್ವಲ್ಪ ದೂರದ ಟ್ಯಾಕ್ಸಿ ಸಾಕು. ಪ್ರಾತಿ ಸಮತಟ್ಟಾದ ಜಾಗ, ಮೆಟ್ರೋವೂ ಇದೆ.

ವಾರಗಳ ಲೆಕ್ಕ ಇಲ್ಲಿ ಬಹಳ ಮುಖ್ಯ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತದೆ, ಕೊನೆಯ ಭಾನುವಾರ ಉಚಿತವಾದ್ದರಿಂದ ಕಾಲಿಡಲು ಜಾಗವಿರುವುದಿಲ್ಲ. ಪೋಪ್ ರೋಮ್‌ನಲ್ಲಿರುವಾಗ ಬುಧವಾರ ಬೆಳಿಗ್ಗೆ ಸೇಂಟ್ ಪೀಟರ್ಸ್ ಚೌಕದಲ್ಲಿ ಅವರ ಸಾರ್ವಜನಿಕ ದರ್ಶನವಿರುತ್ತದೆ. ಫ್ಲಾರೆನ್ಸ್‌ನ ಉಫಿತ್ಸಿ ಚಿತ್ರಶಾಲೆಗೆ ಸೋಮವಾರ ರಜೆ. ಕೊಲೋಸಿಯಂ ಟಿಕೆಟ್ ಹೆಸರಿನ ಮೇಲೆ ಕೊಡುತ್ತಾರೆ, ಪಾಸ್‌ಪೋರ್ಟ್ ತೋರಿಸಬೇಕು. ಸುಮಾರು ಒಂದು ತಿಂಗಳು ಮೊದಲು ಮಾರಾಟಕ್ಕೆ ಬಿಟ್ಟೊಡನೆ ಕೊಂಡುಬಿಡು.

ಆದರೆ ಗೆಳೆಯ, ವಿಜಯಪುರದ ಮಣ್ಣಿನವರಾದ ನಾವು ರೋಮ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಪ್ಯಾಂಥಿಯನ್ ಎಂಬ ಪುರಾತನ ರೋಮನ್ ದೇವಾಲಯ. ಗೋಲಗುಮ್ಮಟದೊಳಗೆ ಕೂಗಿ ಪ್ರತಿಧ್ವನಿ ಕೇಳುತ್ತ ಬೆಳೆದವರು ನಾವು. ಒಳಗಿನಿಂದ ಅಳೆದರೆ ಸುಮಾರು 38 ಮೀಟರ್ ಅಗಲದ ಆ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಹದ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 125ರ ಸುಮಾರಿಗೆ ಕಟ್ಟಿದ ಪ್ಯಾಂಥಿಯನ್ನಿನ ಗುಮ್ಮಟ 43.3 ಮೀಟರ್. ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಎರಡರ ನಡುವೆ ಒಂದೂವರೆ ಸಾವಿರ ವರ್ಷದ ಅಂತರವಿದೆ, ಕಟ್ಟಿದ ಬಗೆಯೂ ಪೂರ್ತಿ ಬೇರೆ. ರೋಮನ್ನರು ಕಬ್ಬಿಣದ ಸರಳಿಲ್ಲದ ಕಾಂಕ್ರೀಟನ್ನು ಬುಡದಲ್ಲಿ ದಪ್ಪವಾಗಿ ಹಾಕಿ, ಮೇಲೆ ಹೋದಂತೆ ತೆಳುಮಾಡುತ್ತ, ಕಲ್ಲನ್ನೂ ಹಗುರವಾದ ಜಾತಿಯದಕ್ಕೆ ಬದಲಿಸುತ್ತ, ಭಾರ ಇನ್ನಷ್ಟು ಕಡಿಮೆಯಾಗಲೆಂದು ನೆತ್ತಿಯನ್ನು ತೆರೆದೇ ಬಿಟ್ಟರು. ಮೊಹಮ್ಮದ್ ಆದಿಲ್ ಶಾಹನ ಕುಶಲಿಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯನ್ನು ನಂಬಿದರು. ಚೌಕದ ಗೋಡೆಗಳ ಮೇಲೆ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳನ್ನು ಎತ್ತಿ, ಚೌಕವನ್ನು ದುಂಡಾಗಿಸಿ, ಅದರ ಮೇಲೆ ಗುಮ್ಮಟ ಕೂರಿಸಿದರು. ಪ್ಯಾಂಥಿಯನ್ನಿನ ಕೆಳಗಿನ ಗೋಡೆಯೇ ದುಂಡಾಗಿರುವುದರಿಂದ ಅವರಿಗೆ ಈ ಸಮಸ್ಯೆ ಬರಲೇ ಇಲ್ಲ. ನೀನು ಅಲ್ಲಿ ನಿಂತು ಮೇಲೆ ನೋಡಿದಾಗ, ನಮ್ಮವರು ಬಿಡಿಸಿದ ಲೆಕ್ಕ ಎಷ್ಟು ಕಠಿಣವಾಗಿತ್ತು ಎಂಬುದು ಮೊದಲ ಸಲ ತಿಳಿಯುತ್ತದೆ ಎಂದು ನನಗೆ ನಂಬಿಕೆಯಿದೆ. ಒಮ್ಮೆ ನಡುಹಗಲಿನಲ್ಲಿ ಹೋಗು, ನೆತ್ತಿಯಿಂದ ಇಳಿದ ಬಿಸಿಲಿನ ವೃತ್ತ ನಿಧಾನವಾಗಿ ಸರಿಯುವುದು ಕಾಣುತ್ತದೆ. ಮಳೆ ಬಂದರೆ ಮತ್ತೊಮ್ಮೆ ಹೋಗು, ನೀರು ನೇರ ಒಳಗೇ ಬಿದ್ದು ನೆಲದ ರಂಧ್ರಗಳಲ್ಲಿ ಇಳಿದುಹೋಗುತ್ತದೆ.

ಅದಾದ ಮೇಲೆ ಸೇಂಟ್ ಪೀಟರ್ಸ್ ಚರ್ಚ್. ಮೈಕೆಲೇಂಜೆಲೋ ರೂಪಿಸಿದ, ಅವನ ನಂತರ 1590ರಲ್ಲಿ ಮುಗಿದ ಅದರ ಗುಮ್ಮಟದ ತುದಿಗೆ 551 ಮೆಟ್ಟಿಲು. ಲಿಫ್ಟ್ ಹಿಡಿದರೂ 320 ಉಳಿಯುತ್ತವೆ. ನೀನು ಹತ್ತಿ ಹೋಗು, ವೈನಿಯವರು ಕೆಳಗೆ ಮೈಕೆಲೇಂಜೆಲೋನ ಪಿಯೆತಾ ಶಿಲ್ಪದ ಎದುರು ಇರಲಿ. ಹೆಗಲು, ಮೊಣಕಾಲು ಮುಚ್ಚುವ ಉಡುಪಿಲ್ಲದೆ ಒಳಗೆ ಬಿಡುವುದಿಲ್ಲ, ಸೀರೆಗೆ ತೊಂದರೆಯಿಲ್ಲ. ಐದರಲ್ಲಿ ಒಂದು ದಿನ ವೇಗದ ರೈಲಿನಲ್ಲಿ ಒಂದೂವರೆ ತಾಸಿನ ಫ್ಲಾರೆನ್ಸ್‌ಗೆ ಹೋಗಿ, ಬ್ರುನೆಲ್ಲೆಸ್ಕಿ 1436ರಲ್ಲಿ ಮುಗಿಸಿದ ಅಲ್ಲಿಯ ಪ್ರಧಾನ ಚರ್ಚಿನ ಗುಮ್ಮಟವನ್ನೂ ನೋಡಿ ಸಂಜೆ ಮರಳಬಹುದು.

ಊಟದ ಚಿಂತೆ ಬೇಡ. ಬಾರ್ಸಿಲೋನಾದಲ್ಲಿ ಟೊಮೆಟೊ ತಿಕ್ಕಿದ ರೊಟ್ಟಿ, ಸುಟ್ಟ ಬದನೆಕಾಯಿ ಮತ್ತು ದೊಣ್ಣೆಮೆಣಸಿನಕಾಯಿಯ ಎಸ್ಕಾಲಿವಾದಾ ಸಿಗುತ್ತವೆ, ಮೇಲೆ ಮೀನು ಹಾಕಬೇಡಿ ಎಂದು ಹೇಳಿದರಾಯಿತು. ಇಟಲಿಯಲ್ಲಿ ಶಾಕಾಹಾರಿಗೆ ಕೊರತೆಯೇ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದು. ತುಪ್ಪ, ಖೋವಾದಂಥ ಹಾಲಿನ ಪದಾರ್ಥಗಳನ್ನು ಯುರೋಪಿನೊಳಗೆ ಬಿಡುವುದಿಲ್ಲ, ಅವನ್ನು ಮನೆಯಲ್ಲೇ ಬಿಡು. ರೋಮ್‌ನ ಬೀದಿ ನಲ್ಲಿಗಳ ನೀರು ಕುಡಿಯಲು ಯೋಗ್ಯ. ಬಾಟಲಿ ಜೊತೆಗಿದ್ದರೆ ಸಾಕು.

ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲಿನಿಂದ ಕೊಡಬಹುದು. ಬೇಸಿಗೆಯ ನೂಕುನುಗ್ಗಲಿಗೆ ಮೊದಲೇ ಕೊಡು. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಈ ಯೋಜನೆಯಲ್ಲಿ ಅದು ಇಟಲಿ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ, ಅದು ನಗರದ ದಿನಗಳನ್ನೂ ಒಳಗೊಂಡಿರಬೇಕು. ನಡುವೆ ಹಡಗು ಟ್ಯುನೀಷಿಯಾದಂಥ ಹೊರಗಿನ ದೇಶ ಮುಟ್ಟುವುದಾದರೆ ಬಹುಪ್ರವೇಶದ ವೀಸಾ ಬೇಕಾಗುತ್ತದೆ. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗುವ ಹೋಟೆಲ್‌ಗಳನ್ನೇ ಹಿಡಿ.

ಹಡಗಿನ ತಾರೀಖು ಖಚಿತವಾದ ಕೂಡಲೇ ತಿಳಿಸು. ಅದು ನಿಮ್ಮನ್ನು ಚಿವಿತಾವೆಕ್ಕಿಯಾದಲ್ಲಿ ಯಾವ ವಾರ ಇಳಿಸುತ್ತದೆ ಎಂಬುದನ್ನು ನೋಡಿಕೊಂಡು ರೋಮ್‌ನ ಐದು ದಿನಗಳ ಕ್ರಮವನ್ನು ನಾನೇ ಬರೆದು ಕಳಿಸುತ್ತೇನೆ. ವೈನಿಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ