ಗೆಳೆಯನಿಗೊಂದು ಪತ್ರ: ಮಾಂಸ ಅಲ್ಲ, ಸ್ವಲ್ಪ ಶ್ಪೆಕ್ ಅಷ್ಟೇ

ಪ್ರೀತಿಯ ದೋಸ್ತ,

ನಿನ್ನ ಮೆಸೇಜು ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಕೆಲಸ ಪಕ್ಕಾ ಆಯ್ತು, ವೀಸಾ ಕೈಗೆ ಬಂದರೆ ಹೊರಡೋದೇ ಅಂದಿದ್ದೀಯ. ತುಂಬಾ ಖುಷಿಯಾಯ್ತು ಕಣೋ. ಸಂಬಳ, ತೆರಿಗೆ, ಚಳಿ, ಬಾಡಿಗೆ ಮನೆ, ಇದ್ಯಾವುದನ್ನೂ ಕೇಳದೆ ಕೊನೆಗೆ ಒಂದೇ ಸಾಲು ಹಾಕಿದ್ದೀಯ: 'ಅಲ್ಲಿ ಏನು ತಿಂತೀಯೋ?' ಊರಿಗೆ ಬಂದಾಗಲೆಲ್ಲ ಎಲ್ಲರೂ ಕೇಳುವುದು ಇದನ್ನೇ. ಬ್ರೆಡ್ಡು, ಹಣ್ಣು, ಮನೆಯಲ್ಲಿ ಅನ್ನ ಸಾರು ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ನಿನಗೂ ಹಾಗೆ ಹೇಳಿದರೆ ಬಂದ ಮೊದಲನೇ ವಾರವೇ ಸಿಕ್ಕಿಹಾಕಿಕೊಳ್ಳುತ್ತೀಯ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಜನಕ್ಕೆ ಬೇಕಾಗಬಹುದು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೊದಲೇ ಹೇಳಿಬಿಡುತ್ತೇನೆ, ಉಪವಾಸ ಬೀಳುವುದಿಲ್ಲ. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ತೋಫು, ಬೇಳೆಕಾಳು, ಮೊಸರು, ಹತ್ತಾರು ಬಗೆಯ ಬ್ರೆಡ್ಡು, ಎಲ್ಲಾ ಸಿಗುತ್ತವೆ. ರ್ಯೂಗನ್‌ವಾಲ್ಡರ್ ಮ್ಯೂಲೆ ಅಂತ 1834ರಿಂದ ಮಾಂಸದ ಸಾಸೇಜಿಗೆ ಹೆಸರಾದ ಕಂಪನಿಯೇ ಈಗ ಸಸ್ಯಾಹಾರಿ ಸಾಸೇಜು ಮಾರುತ್ತಿದೆ. ಹಾಗಾಗಿ ತೊಂದರೆ ಹೊಟ್ಟೆಯದಲ್ಲ, ಮಾತಿನದು.

ನಮ್ಮ ಸಸ್ಯಾಹಾರ ಇಲ್ಲಿಯ ಎರಡು ಪದಗಳ ನಡುವೆ ಬಿದ್ದುಹೋಗುತ್ತದೆ. 'ವೆಜಿಟಾರಿಶ್' ಅಂದರೆ ತಟ್ಟೆಗೆ ಮೊಟ್ಟೆ ಬರಬಹುದು. 'ವೆಗಾನ್' ಅಂದರೆ ಮೊಟ್ಟೆ ಹೋಗುತ್ತದೆ, ಅದರ ಜೊತೆಗೇ ಬೆಣ್ಣೆ, ಮೊಸರು, ಕಾಫಿಯ ಹಾಲೂ ಹೋಗುತ್ತದೆ. ಹಾಲು ಬೇಕು, ಮೊಟ್ಟೆ ಬೇಡ ಅನ್ನುವವನು ಇವರ ಲೆಕ್ಕಕ್ಕೇ ಸಿಗುವುದಿಲ್ಲ. ವೇಟರ್‌ಗೆ ಹಾಗೆ ಹೇಳಿ ನೋಡು, ಹಾಲಿಗೂ ಮೊಟ್ಟೆಗೂ ಏನು ವ್ಯತ್ಯಾಸ, ಎರಡೂ ಪ್ರಾಣಿಯದೇ ಅಲ್ವಾ ಅಂತ ಮುಖ ನೋಡುತ್ತಾನೆ. ಅವನದೂ ತಪ್ಪಿಲ್ಲ.

ಇನ್ನು 'ಓನೆ ಫ್ಲೈಶ್'. ಮಾಂಸ ಇಲ್ಲದೆ ಅಂತ ಅರ್ಥ. ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಎರಡೇ ಪದ ಇವು. ಮೊದಲನೇ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಅನ್ನುವುದು ಗೊತ್ತಿರದೆ, ಹಸಿದುಕೊಂಡು ಒಂದು ಹೋಟೆಲಿಗೆ ಹೋಗಿ ಹುರಿದ ಆಲೂಗಡ್ಡೆ ಕೇಳಿದೆ, ಓನೆ ಫ್ಲೈಶ್ ಅಂತ ಎರಡು ಸಲ ಹೇಳಿದೆ. ಬಂತು. ಆಲೂಗಡ್ಡೆಯ ಮೇಲೆ ಕಡ್ಲೆಬೀಜದಷ್ಟು ಸಣ್ಣ ಗುಲಾಬಿ ತುಂಡುಗಳು, ಅಂಚು ಕಂದು ಬಣ್ಣಕ್ಕೆ ತಿರುಗಿದ್ದವು. ಇದೇನು ಅಂತ ಕೇಳಿದರೆ ಆ ಹೆಂಗಸು ಶಾಂತವಾಗಿ ಹೇಳಿದರು: 'ಮಾಂಸ ಅಲ್ಲ, ಸ್ವಲ್ಪ ಶ್ಪೆಕ್ ಅಷ್ಟೇ.' ಶ್ಪೆಕ್ ಅಂದರೆ ಉಪ್ಪು ಹಾಕಿಟ್ಟ ಹಂದಿಯ ಕೊಬ್ಬು.

ಅವತ್ತು ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರು ಸುಳ್ಳು ಹೇಳಿರಲಿಲ್ಲ. ಇವರಿಗೆ ಮಾಂಸ ಅಂದರೆ ತಟ್ಟೆಯ ನಡುವೆ ಕೂತಿರುವ ದೊಡ್ಡ ತುಂಡು. ಶ್ಪೆಕ್ ಅನ್ನುವುದು ನಮಗೆ ಒಗ್ಗರಣೆ ಇದ್ದ ಹಾಗೆ. ಸಾರಿನಲ್ಲಿ ಸಾಸಿವೆ ಇದೆಯಾ ಅಂತ ಯಾರಾದರೂ ಗಾಬರಿಯಿಂದ ಕೇಳಿದರೆ ನಾವೂ ನಗುತ್ತಿದ್ದೆವು, ಅಲ್ವಾ? ಅದಕ್ಕೇ ನೀನು ಏನು ಅಂತ ಹೇಳಿಕೊಳ್ಳಲು ಹೋಗಬೇಡ. ಏನೇನು ತಿನ್ನುವುದಿಲ್ಲ ಅಂತ ಒಂದೊಂದಾಗಿ ಹೇಳು. ಮಾಂಸ, ಕೋಳಿ, ಮೀನು, ಶ್ಪೆಕ್, ಶಿಂಕನ್, ಬ್ರ್ಯೂಹೆ. ಶಿಂಕನ್ ಅಂದರೆ ಹ್ಯಾಮ್. ಏಪ್ರಿಲ್‌ನಿಂದ ಜೂನ್ 24ರವರೆಗೆ ಇಲ್ಲಿ ಬಿಳಿ ಆಸ್ಪರಾಗಸ್ ಕಾಲ, ಊರಿಗೆ ಊರೇ ಅದರ ಹಿಂದೆ ಬಿದ್ದಿರುತ್ತದೆ. ತರಕಾರಿ ಹಬ್ಬ ಅಂತ ಹಿಗ್ಗಬೇಡ, ಪಕ್ಕದಲ್ಲಿ ಶಿಂಕನ್ ಮಲಗಿರುತ್ತದೆ, ಮೇಲೆ ಹಾಕುವ ಹಳದಿ ಸಾಸ್ ಮೊಟ್ಟೆಯದು.

ಕೊನೆಯದಾಗಿ ಹೇಳಿದ ಬ್ರ್ಯೂಹೆಯೇ ಎಲ್ಲಕ್ಕಿಂತ ಕಷ್ಟ. ಮೂಳೆ, ಮಾಂಸ ಇಲ್ಲವೇ ತರಕಾರಿ ಬೇಯಿಸಿ ತೆಗೆದ ರಸ ಅದು. ಅದನ್ನು ಕಲಿತದ್ದು ಹೀಗೆ.

ನಮ್ಮ ಟೀಮಿನವನೊಬ್ಬ ಹಳ್ಳಿಯಲ್ಲಿರುವ ತನ್ನ ಅತ್ತೆ ಮನೆಗೆ ಊಟಕ್ಕೆ ಕರೆದುಕೊಂಡು ಹೋದ. ಎಪ್ಪತ್ತು ದಾಟಿದ ಅಜ್ಜಿ. ನಾನು ಮಾಂಸ ತಿನ್ನುವುದಿಲ್ಲ ಅಂತ ಅವರಿಗೆ ಮೊದಲೇ ಹೇಳಿದ್ದ. ನನಗಾಗಿಯೇ ಒಂದು ದೊಡ್ಡ ಬೋಗುಣಿ ತುಂಬಾ ಆಲೂಗಡ್ಡೆ ಸಲಾಡು ಮಾಡಿಟ್ಟಿದ್ದರು. ನಮ್ಮೂರ ಸುತ್ತಲಿನ ಈ ಶ್ವಾಬನ್ ಸೀಮೆಯ ಸಲಾಡಿಗೆ ಮಯೊನೇಸ್ ಹಾಕುವುದಿಲ್ಲ. ತೆಳ್ಳಗೆ ಹೆಚ್ಚಿದ ಬೆಂದ ಆಲೂಗಡ್ಡೆ, ಈರುಳ್ಳಿ, ವಿನೆಗರ್, ಎಣ್ಣೆ, ಸಾಸಿವೆ ಪೇಸ್ಟು. ಹೊಳೆಹೊಳೆಯುತ್ತಾ, ಒದ್ದೆಯಾಗಿ, ಹುಳಿಹುಳಿಯಾಗಿತ್ತು. ವಾರಗಟ್ಟಲೆ ಒಣ ಬ್ರೆಡ್ಡು ತಿಂದ ಬಾಯಿಗೆ ಹುಳಿ ಸಿಕ್ಕರೆ ಹೇಗಿರುತ್ತದೆ ಹೇಳು. ಎರಡನೇ ಸಲ ಹಾಕಿಸಿಕೊಂಡೆ. ಇಷ್ಟು ಮೆತ್ತಗೆ ಹೇಗೆ ಬಂತು ಅಂತ ಬೇರೆ ಕೇಳಿದೆ. ಅವರ ಮುಖ ಅರಳಿತು. ಗುಟ್ಟು ಹೇಳುವವರ ಹಾಗೆ ಬಗ್ಗಿ ಹೇಳಿದರು: ಆಲೂಗಡ್ಡೆ ಬಿಸಿ ಇರುವಾಗಲೇ ಮೇಲಿಂದ ಬಿಸಿಬಿಸಿ ಬ್ರ್ಯೂಹೆ ಸುರಿಯಬೇಕು, ದನದ ಮೂಳೆಯದಾದರೆ ಇನ್ನೂ ರುಚಿ.

ತಟ್ಟೆಯಲ್ಲಿ ಇನ್ನೂ ಎರಡು ಚಮಚದಷ್ಟು ಉಳಿದಿತ್ತು. ನಾನು ಹೊಟ್ಟೆ ತುಂಬಿತು ಅಂದೆ. ಫೋರ್ಕ್ ಕೆಳಗಿಟ್ಟ ರೀತಿಯಲ್ಲೇ ಅವರಿಗೆ ಗೊತ್ತಾಗಿ ಹೋಯಿತು ಅನ್ನಿಸುತ್ತದೆ. ಯಾರೂ ಏನೂ ಮಾತಾಡಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ನನಗೆ ವಾಕರಿಕೆ ಬರಲಿಲ್ಲ ಮಾರಾಯ, ನಾಚಿಕೆ ಆಯ್ತು. ತಿಂದದ್ದಕ್ಕೋ, ಬಿಟ್ಟದ್ದಕ್ಕೋ, ಇವತ್ತಿಗೂ ಗೊತ್ತಿಲ್ಲ.

ಅಲ್ಲಿಂದ ಶುರುವಾಯಿತು ಪ್ಯಾಕೆಟ್ಟಿನ ಹಿಂಭಾಗ ಓದುವ ಚಾಳಿ. ಯುರೋಪಿನಲ್ಲಿ 2014ರ ಡಿಸೆಂಬರ್‌ನಿಂದ ಒಂದು ನಿಯಮ ಇದೆ, ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದಿದ್ದರೂ ಹೋಟೆಲಿನವರು ತಿಳಿಸಲೇಬೇಕು. ಆ ಪಟ್ಟಿಯಲ್ಲಿ ಮೊಟ್ಟೆ ಇದೆ, ಮೀನು ಇದೆ, ಹಾಲು, ಎಳ್ಳು, ಸಾಸಿವೆ ಇವೆ. ಹಂದಿ ಇಲ್ಲ, ದನ ಇಲ್ಲ. ಅಂದರೆ ಸಾಸಿವೆ ಇದೆ ಅಂತ ಮೆನುವಿನಲ್ಲಿ ಬರೆದಿರುತ್ತಾರೆ, ಮೂಳೆ ರಸ ಇದೆ ಅಂತ ನೀನೇ ಕೇಳಿ ತಿಳಿದುಕೊಳ್ಳಬೇಕು. ಆದರೂ ಮೊಟ್ಟೆ, ಮೀನಿನ ಮಟ್ಟಿಗೆ ಆ ಪಟ್ಟಿ ಉಪಕಾರಿ, ಸಂಕೋಚ ಇಲ್ಲದೆ ಕೇಳು.

ಪ್ಯಾಕೆಟ್ಟಿನಲ್ಲಿ 'ಗೆಲಾಟೀನೆ' ಅನ್ನುವ ಪದ ಹುಡುಕು. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಅದು, ಬಣ್ಣದ ಮೆತ್ತನೆ ಮಿಠಾಯಿಯಲ್ಲೂ ಇರುತ್ತದೆ, ಕೆಲವು ಪುಡ್ಡಿಂಗಿನಲ್ಲೂ ಇರುತ್ತದೆ. ಆಪಲ್ ಜ್ಯೂಸಿನ ವಿಷಯ ಕೇಳಿದರೆ ನಗುತ್ತೀಯ. ಕನ್ನಡಿಯ ಹಾಗೆ ತಿಳಿಯಾಗಿರುವ ಜ್ಯೂಸನ್ನು ಸೋಸಲು ಕೆಲವರು ಜೆಲಾಟಿನ್ ಬಳಸುತ್ತಾರೆ, ಅದು ಪ್ಯಾಕೆಟ್ಟಿನ ಪದಾರ್ಥಗಳ ಪಟ್ಟಿಯಲ್ಲಿ ಬರುವುದೇ ಇಲ್ಲ. ಮಬ್ಬಾಗಿರುವ 'ನಾಟುರ್‌ಟ್ರ್ಯೂಬ್' ತಗೋ, ರುಚಿಯೂ ಅದೇ ಜಾಸ್ತಿ. ಚೀಸಿನಲ್ಲಿ 'ಲಾಬ್' ಅಂತ ಇರುತ್ತದೆ, ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆಯುವ ವಸ್ತು. 'ಮಿಕ್ರೋಬಿಯೆಲ್' ಅಂತ ಸೇರಿಸಿದ್ದರೆ ನಮಗೆ ಆಗುತ್ತದೆ. ಇಟಲಿಯ ಪಾರ್ಮಿಜಾನೊ ಚೀಸಿಗೆ ಕರುವಿನದೇ ಆಗಬೇಕು ಅಂತ ನಿಯಮ. ಬ್ರೆಟ್ಸೆಲ್ ಅಂತ ಗಂಟು ಹಾಕಿದ ಬ್ರೆಡ್ಡು ಇಲ್ಲಿ ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ, ಕೆಲವು ಬೇಕರಿಗಳಲ್ಲಿ ಅದರ ಹಿಟ್ಟಿಗೂ ಹಂದಿ ಕೊಬ್ಬು ಸೇರಿಸುತ್ತಾರೆ. ಒಂದು ಸಲ ಕೇಳಿಕೊಂಡರೆ ಮುಗೀತು.

ಇಷ್ಟೆಲ್ಲ ಓದಿ ತಲೆ ಕೆಡಿಸಿಕೊಳ್ಳಬೇಡ. ಗೆರೆ ಎಲ್ಲಿ ಹಾಕಬೇಕು ಅನ್ನುವುದು ನಿನಗೆ ಬಿಟ್ಟದ್ದು. ನಾನು ಎಲ್ಲಿ ಹಾಕಿದ್ದೇನೆ ಅಂದರೆ, ಕೇಕಿನೊಳಗಿನ ಮೊಟ್ಟೆಗೆ ಕಣ್ಣು ಮುಚ್ಚಿಕೊಂಡಿದ್ದೇನೆ, ಶ್ಪೆಟ್ಸ್‌ಲೆ ಅಂತ ಇಲ್ಲಿಯ ಶಾವಿಗೆಯಂಥದ್ದಕ್ಕೂ ಮೊಟ್ಟೆ ಹಾಕುತ್ತಾರೆ, ಅದನ್ನೂ ತಿನ್ನುತ್ತೇನೆ. ಆಮ್ಲೆಟ್ ಮುಟ್ಟುವುದಿಲ್ಲ. ಅಮ್ಮನಿಗೆ ಕೇಕಿನದು ಗೊತ್ತು, ಶ್ಪೆಟ್ಸ್‌ಲೆಯದು ಗೊತ್ತಿಲ್ಲ, ನೀನೂ ಹೇಳಬೇಡ. ಲಾಜಿಕ್ ಇದೆಯಾ ಅಂದರೆ ಇಲ್ಲ.

ಆಫೀಸಿನ ಒಂದು ಕಥೆ ಹೇಳಲೇಬೇಕು. ಇಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಎಲ್ಲರಿಗೂ ತಿಂಡಿ ತರಬೇಕು. ಉತ್ತರದ ಕಡೆಯವನೊಬ್ಬ ಒಂದು ಟ್ರೇ ತುಂಬಾ ಬನ್ನು ತಂದಿದ್ದ. ಅರ್ಧಕ್ಕೆ ಕತ್ತರಿಸಿ, ಮೇಲೆ ಗುಲಾಬಿ ಬಣ್ಣದ ಏನನ್ನೋ ದಪ್ಪಗೆ ಸವರಿ, ಸಣ್ಣ ಈರುಳ್ಳಿ ಉದುರಿಸಿ, ಕರಿಮೆಣಸು ಹಾಕಿದ್ದ. ಬೀಟ್‌ರೂಟು ತುರಿದು ಹಾಕಿದ್ದಾರೆ ಅಂದುಕೊಂಡೆ. ಕೈ ಚಾಚಿದೆ. ಪಕ್ಕದಲ್ಲಿದ್ದವಳು ಟ್ರೇಯನ್ನೇ ನನ್ನಿಂದ ದೂರ ಎಳೆದು 'ಇದು ನಿನಗಲ್ಲ' ಅಂದಳು. ಮೆಟ್ ಅಂತೆ. ಕೊಚ್ಚಿದ ಹಸಿ ಹಂದಿಮಾಂಸ. ಬೇಯಿಸಿದ್ದಲ್ಲ, ಹಸಿ. ಅವಳ ಉಪಕಾರ ನಾನು ಸಾಯುವವರೆಗೂ ಮರೆಯುವುದಿಲ್ಲ.

ಮಾಂಸದ ಮೇಲೆ ಇವರಿಗಿರುವ ಪ್ರೀತಿಯನ್ನು ಹಗುರವಾಗಿ ತಗೋಬೇಡ. ಫೋಕ್ಸ್‌ವಾಗನ್ ಕಂಪನಿ 1973ರಿಂದ ತಾನೇ ಕರಿವುರ್ಸ್ಟ್ ಅನ್ನುವ ಸಾಸೇಜು ತಯಾರಿಸುತ್ತದೆ, ಅದಕ್ಕೆ ಕಾರಿನ ಬಿಡಿಭಾಗಕ್ಕೆ ಕೊಡುವ ಹಾಗೆ ಪಾರ್ಟ್ ನಂಬರ್ ಬೇರೆ ಇದೆ. 2021ರಲ್ಲಿ ಕಂಪನಿಯ ಊರಾದ ವೋಲ್ಫ್ಸ್‌ಬುರ್ಗ್‌ನ ಒಂದೇ ಒಂದು ಕ್ಯಾಂಟೀನಿನಿಂದ ಅದನ್ನು ತೆಗೆದಿದ್ದಕ್ಕೆ ಮಾಜಿ ಚಾನ್ಸಲರ್ (ನಮ್ಮ ಪ್ರಧಾನಿ ಇದ್ದ ಹಾಗೆ) ಗೆರ್ಹಾರ್ಡ್ ಶ್ರೋಡರ್ ಬಹಿರಂಗವಾಗಿ ತಕರಾರು ತೆಗೆದರು. ಎರಡು ವರ್ಷಕ್ಕೆ ಸಾಸೇಜು ವಾಪಸು ಬಂತು. ಇನ್ನೊಂದು ಕಡೆ, ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಕೊನ್ರಾಡ್ ಅಡೆನೌವರ್, ಮೊದಲನೇ ಮಹಾಯುದ್ಧದಲ್ಲಿ ಕಲೋನ್‌ನ ಮೇಯರ್ ಆಗಿದ್ದಾಗ ಮಾಂಸದ ಬದಲು ಸೋಯಾ ಹಾಕಿ ಸಾಸೇಜು ಕಂಡುಹಿಡಿದಿದ್ದರು. ಮಾಂಸ ಇಲ್ಲದ್ದು ಸಾಸೇಜೇ ಅಲ್ಲ ಅಂತ ಜರ್ಮನಿಯಲ್ಲಿ ಪೇಟೆಂಟ್ ಕೊಡಲಿಲ್ಲ. ಕೊಟ್ಟದ್ದು 1918ರಲ್ಲಿ ಬ್ರಿಟನ್, ಅದೂ ಯುದ್ಧ ನಡೆಯುತ್ತಿರುವಾಗಲೇ! ಊಟದ ಮೇಜಿನಲ್ಲಿ ಯಾರಾದರೂ ನಿನ್ನನ್ನು ಕಿಚಾಯಿಸಿದರೆ ಈ ಕಥೆ ಹೇಳು. ನನಗೆ ಬಹಳ ಸಲ ಕೆಲಸಕ್ಕೆ ಬಂದಿದೆ.

ಬೇಸಿಗೆಯಲ್ಲಿ ವಾರಕ್ಕೊಂದು ಗ್ರಿಲ್ ಪಾರ್ಟಿ ಇರುತ್ತದೆ. ಮೊದಲನೇ ವರ್ಷ ಪೆಚ್ಚಾಗಿ ಕೂತು ಬರೀ ಬ್ರೆಡ್ಡು ತಿಂದು ಬಂದೆ. ಈಗ ಒಂದು ಅಲ್ಯೂಮಿನಿಯಂ ತಟ್ಟೆ, ಸುಡುವ ಚೀಸು, ಜೋಳ, ನನ್ನದೇ ಒಂದು ಇಕ್ಕಳ ತೆಗೆದುಕೊಂಡು ಹೋಗುತ್ತೇನೆ. ಇಕ್ಕಳಕ್ಕೆ ಕೆಂಪು ದಾರ ಕಟ್ಟಿದ್ದೇನೆ. ದಾರ ಕಂಡರೆ ಯಾರೂ ಮುಟ್ಟುವುದಿಲ್ಲ. ನನ್ನ ಜೋಳ ಮಾತ್ರ ನನಗೆ ಉಳಿಯುವುದಿಲ್ಲ, ಅದು ಬೇರೆ ವಿಷಯ.

ಅಂದಹಾಗೆ ಆ ಅಜ್ಜಿ ಮುಂದಿನ ವರ್ಷ ಮತ್ತೆ ಕರೆದರು. ನಾನು ಹೋಗಲೋ ಬೇಡವೋ ಅಂತ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಒಂದು ಡಬ್ಬಿ ಕೈಗೆ ಕೊಟ್ಟರು. ತರಕಾರಿ ಬ್ರ್ಯೂಹೆಯ ಪುಡಿ. ಕನ್ನಡಕ ಹಾಕಿಕೊಂಡು, ಹಿಂದಿನ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದೇ ಓದಿ ಹೇಳಿದರು, ಉಪ್ಪು, ಕ್ಯಾರೆಟ್ಟು, ಈರುಳ್ಳಿ. 'ಮೊದಲಿನಷ್ಟು ರುಚಿ ಬಂದಿಲ್ಲ' ಅಂದರು. ನಿಜ ಹೇಳಬೇಕೆಂದರೆ ಬಂದಿರಲಿಲ್ಲ. ಮೂರು ಸಲ ಹಾಕಿಸಿಕೊಂಡೆ.

ಇನ್ನು ಸಾಮಾನಿನ ವಿಷಯ. ತುಪ್ಪ, ಪೇಡ ತರಬೇಡ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳಬಹುದು. ಬೆಣ್ಣೆ ಇಲ್ಲಿ ಚೆನ್ನಾಗಿ ಸಿಗುತ್ತದೆ, ಕಾಯಿಸಿಕೊಂಡರೆ ಆಯ್ತು. ಕುಕ್ಕರ್ ತಂದರೆ ಸ್ಟೀಲಿನದು ತಾ, ತಳ ಇಂಡಕ್ಷನ್‌ಗೆ ಆಗುವಂಥದ್ದು, ಬರೀ ಅಲ್ಯೂಮಿನಿಯಂ ತಂದರೆ ಇಂಡಕ್ಷನ್ ಒಲೆಯ ಮೇಲೆ ಸುಮ್ನೆ ಕೂತಿರುತ್ತದೆ. ಗ್ಯಾಸ್ಕೆಟ್ ಎರಡು ಜಾಸ್ತಿ ಹಾಕಿಕೋ. ಇಂಗಿನ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತು. ನಾನು ಒಂದೇ ಸುತ್ತಿದ್ದೆ, ನನ್ನ ಸೂಟು ಮೊದಲನೇ ಮೀಟಿಂಗಿನವರೆಗೂ ಘಮಘಮ ಅನ್ನುತ್ತಿತ್ತು.

ಟಿಕೆಟ್ ಆದ ತಕ್ಷಣ ತಿಳಿಸು. ಭಾನುವಾರ ಬಂದಿಳಿದರೆ ಶನಿವಾರವೇ ನಿನ್ನ ಮನೆಗೂ ಸೇರಿಸಿ ಹಾಲು, ತರಕಾರಿ ತಂದಿಡಬೇಕು.

ನಿನ್ನವನೇ